ಕಟ್ಟಿದ ದೋಣಿ ಯಾಕೆ ಬಡಿದುಕೊಳ್ಳುತ್ತಿದೆ? ಮರೀನಾ ಸ್ಲಿಪ್‌ನಲ್ಲಿ ಸಣ್ಣ ಹಾಯಿದೋಣಿಯ ದೋಷ ಹುಡುಕುವ ಕೈಪಿಡಿ

ಸ್ಲಿಪ್‌ನಲ್ಲಿ, ಅಂದರೆ ಮರೀನಾ ಎಂಬ ದೋಣಿ ನಿಲ್ದಾಣದಲ್ಲಿ ಒಂದು ದೋಣಿಗೆಂದು ಬಿಟ್ಟ ಜಾಗದಲ್ಲಿ, ಕಟ್ಟಿಟ್ಟ ದೋಣಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ನಾವು ಅಲ್ಲಿ ಇಲ್ಲದಾಗ. ಹೋದ ವಾರ ಎಲ್ಲ ಸರಿಯಾಗಿ ಕಟ್ಟಿಯೇ ಹೊರಟಿರುತ್ತೇವೆ. ಈ ವಾರ ಬಂದು ನೋಡಿದರೆ ಮೂತಿಯ ಹತ್ತಿರ ಬಣ್ಣ ಕಿತ್ತಿರುತ್ತದೆ, ಫೆಂಡರ್ (ದೋಣಿಯ ಬದಿಗೆ ಪೆಟ್ಟಾಗದಂತೆ ಇಳಿಬಿಡುವ ಮೆತ್ತೆ) ಡಾಕ್ (ದೋಣಿ ಕಟ್ಟುವ ಕಟ್ಟೆ) ಮೇಲೆ ಬಿದ್ದಿರುತ್ತದೆ, ಒಂದು ಹಗ್ಗ ನೂಲು ನೂಲಾಗಿರುತ್ತದೆ. ಆಗ ಬಹಳ ಜನ ಮಾಡುವ ಮೊದಲ ಕೆಲಸ ಎಲ್ಲ ಹಗ್ಗಗಳನ್ನೂ ಇನ್ನಷ್ಟು ಬಿಗಿಯುವುದು. ಅದರಿಂದ ತೊಂದರೆ ಜಾಸ್ತಿಯೇ ಆಗುತ್ತದೆ. ನೀರಿನ ಮೇಲಿರುವ ದೋಣಿ ಅಲುಗಾಡಿಯೇ ತೀರುತ್ತದೆ, ಯಾವ ಹಗ್ಗಕ್ಕೂ ಅದನ್ನು ನಿಲ್ಲಿಸಲು ಆಗುವುದಿಲ್ಲ. ಎಷ್ಟು ದೂರ ಹೋಗಬೇಕು, ಯಾವ ಕಡೆ ಹೋಗಬಾರದು, ಕೊನೆಯಲ್ಲಿ ಎಷ್ಟು ಮೆತ್ತಗೆ ನಿಲ್ಲಬೇಕು, ಇಷ್ಟು ಮಾತ್ರ ನಮ್ಮ ಕೈಯಲ್ಲಿದೆ.

ಇಲ್ಲಿ ಹೇಳುವುದೆಲ್ಲ 6ರಿಂದ 9 ಮೀಟರ್ ಉದ್ದದ ದೋಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ನಿಮ್ಮ ಕಣ್ಣಿಗೆ ಬಿದ್ದ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಬಹುದು. ಆದರೆ ಮೊದಲಿನ ಎರಡು ಭಾಗ ಬಿಡಬೇಡಿ.

## ಕೈ ಹಾಕುವ ಮೊದಲು

ದೋಣಿಗೂ ಡಾಕ್‌ಗೂ ನಡುವೆ ಕೈಯನ್ನಾಗಲಿ ಕಾಲನ್ನಾಗಲಿ ಎಂದೂ ಹಾಕಬೇಡಿ. ಎರಡು ಟನ್ ದೋಣಿ ಮೆತ್ತಗೆ ತೇಲಿ ಬಂದರೂ ಮೂಳೆ ಮುರಿಯುತ್ತದೆ. ಬಡಿಯುತ್ತದೆ ಅನಿಸಿದರೆ ಫೆಂಡರ್ ಅಡ್ಡ ಹಿಡಿಯಿರಿ. ಅದಕ್ಕೂ ಸಮಯ ಇಲ್ಲವೆಂದರೆ ಬಡಿಯಲಿ ಬಿಡಿ. ಬಣ್ಣ ಮತ್ತೆ ಹಚ್ಚಬಹುದು.

ಬಿಗಿದು ನಿಂತ ಹಗ್ಗದ ನೇರಕ್ಕೆ ನಿಲ್ಲಬೇಡಿ. ನೈಲಾನ್ ಹಗ್ಗ ಹಿಗ್ಗಿರುವಾಗ ತುಂಡಾದರೆ ಚಾಟಿಯಂತೆ ವಾಪಸ್ ಬರುತ್ತದೆ. ಹಗ್ಗ ಸುತ್ತಿ ಕಟ್ಟುವ ಎರಡು ಕೊಂಬಿನ ಕ್ಲೀಟ್ ಕಿತ್ತುಬಂದರೆ ಆ ಲೋಹದ ತುಂಡೂ ಹಗ್ಗದ ಜೊತೆ ಹಾರುತ್ತದೆ. ಭಾರ ಹೊತ್ತ ಹಗ್ಗವನ್ನು ಬಿಚ್ಚುವುದಕ್ಕೆ ಮುಂಚೆ ಅದರ ಕೆಲಸ ಮಾಡಲು ಇನ್ನೊಂದು ಹಗ್ಗ ಕಟ್ಟಿರಬೇಕು. ಡಾಕ್‌ನಿಂದ ದೋಣಿಗೆ ಹಾರಬೇಡಿ, ಹೆಜ್ಜೆ ಇಡುವಷ್ಟು ಹತ್ತಿರ ಬರುವ ತನಕ ಕಾಯಿರಿ. ಒಬ್ಬರೇ ಇದ್ದೀರೆಂದರೆ ಲೈಫ್ ಜಾಕೆಟ್ ಹಾಕಿಕೊಂಡೇ ಕೆಲಸ ಶುರು ಮಾಡಿ.

## ಹದಿನೈದು ನಿಮಿಷ ಸುಮ್ನೆ ನಿಂತು ನೋಡಿ

ಖರ್ಚಿಲ್ಲದ ಪರೀಕ್ಷೆ ಇದು, ಆದರೆ ಬಹುತೇಕರು ಇದನ್ನೇ ಬಿಡುತ್ತಾರೆ. ಯಾವ ಹಗ್ಗವನ್ನೂ ಮುಟ್ಟದೆ ಡಾಕ್ ಮೇಲೆ ನಿಂತುಕೊಳ್ಳಿ. ಒಂದು ಮೋಟರ್ ದೋಣಿ ಹಾದುಹೋಗಿ ಅದರ ಅಲೆ ಬರುವ ತನಕವಾದರೂ ಇರಿ. ಯಾವ ಹಗ್ಗ ಮೊದಲು ಬಿಗಿಯಾಗುತ್ತದೆ? ಯಾವುದು ಯಾವಾಗಲೂ ಜೋತುಬಿದ್ದೇ ಇರುತ್ತದೆ? ದೋಣಿ ಕೊನೆ ಮುಟ್ಟಿದಾಗ ಮೆತ್ತಗೆ ತಿರುಗುತ್ತದೋ, ಧಡಕ್ಕನೆ ನಿಲ್ಲುತ್ತದೋ? ಫೋನಿನಲ್ಲಿ ಎಲ್ಲ ಹಗ್ಗ, ಎಲ್ಲ ಕ್ಲೀಟ್‌ಗಳ ಫೋಟೋ ತೆಗೆದುಕೊಳ್ಳಿ. ಮುಂದೆ ಏನು ಬದಲಾಯಿತು ಅನ್ನುವುದಕ್ಕೆ ಅದೇ ಸಾಕ್ಷಿ.

ಹಗ್ಗಗಳ ಕೆಲಸ ಗೊತ್ತಿದ್ದರೆ ನೋಡಿದ್ದು ಅರ್ಥವಾಗುತ್ತದೆ. ಮೂಲೆಗಳಿಂದ ನಾಲ್ಕು ಹಗ್ಗ ಇರುತ್ತವೆ, ಮೂತಿಯಿಂದ ಎರಡು, ಹಿಂಬದಿಯಿಂದ ಎರಡು. ಇವು ದೋಣಿಯನ್ನು ಸ್ಲಿಪ್‌ನ ನಡುವೆ ಹಿಡಿಯುತ್ತವೆ. ಇವಲ್ಲದೆ ದೋಣಿಯ ಉದ್ದಕ್ಕೇ ಓಡುವ ಎರಡು ಹಗ್ಗ ಬೇಕು, ಅವೇ ಸ್ಪ್ರಿಂಗ್ ಲೈನ್. ಒಂದು ದೋಣಿಯಿಂದ ಹಿಂದಕ್ಕೆ ಓಡಿ ಡಾಕ್ ಸೇರುತ್ತದೆ, ದೋಣಿ ಮುಂದೆ ನುಗ್ಗದಂತೆ ತಡೆಯುತ್ತದೆ. ಇನ್ನೊಂದು ಮುಂದಕ್ಕೆ ಓಡಿ ಡಾಕ್ ಸೇರುತ್ತದೆ, ಹಿಂದೆ ಸರಿಯದಂತೆ ತಡೆಯುತ್ತದೆ. ಇವುಗಳಿಗೆ ಇಂಗ್ಲಿಷ್ ಹೆಸರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೆಸರಿಗಿಂತ ಯಾವ ಕಡೆಯ ಓಟ ತಡೆಯುತ್ತದೆ ಅನ್ನುವುದನ್ನು ನೆನಪಿಡಿ.

## ಮೂತಿ ಡಾಕ್‌ಗೆ ತಾಗಿದೆ

ಮೊದಲು ಸ್ಪ್ರಿಂಗ್ ಲೈನ್ ಇದೆಯೋ ಇಲ್ಲವೋ ನೋಡಿ. ಎಷ್ಟೋ ದೋಣಿಗಳಲ್ಲಿ ಇರುವುದೇ ಇಲ್ಲ. ಮೂಲೆಯ ನಾಲ್ಕು ಹಗ್ಗ ಮಾತ್ರ ಇದ್ದಾಗ ಜನ ಹಿಂಬದಿಯವನ್ನು ಬಿಗಿದು ಮುಂದೆ ಹೋಗುವುದನ್ನು ತಡೆಯಲು ನೋಡುತ್ತಾರೆ. ಆ ಹಗ್ಗಗಳು ಗಿಡ್ಡ, ಓರೆ. ಅವು ಬಿಗಿಯಾಗುವಷ್ಟರಲ್ಲಿ ಮೂತಿ ತಾಗಿರುತ್ತದೆ.

ಸ್ಪ್ರಿಂಗ್ ಇದ್ದರೆ ಹೀಗೆ ಪರೀಕ್ಷಿಸಿ. ಗಾಳಿ ಇಲ್ಲದ ಹೊತ್ತಿನಲ್ಲಿ ದೋಣಿಯನ್ನು ಕೈಯಿಂದ ಮುಂದಕ್ಕೆ ಎಳೆಯಿರಿ. ಇಷ್ಟು ಸಣ್ಣ ದೋಣಿ ನಿಧಾನಕ್ಕೆ ಎಳೆದರೆ ಬಂದೇ ಬರುತ್ತದೆ. ಸ್ಪ್ರಿಂಗ್ ಬಿಗಿಯಾಗಿ ನಿಂತಾಗ ಮೂತಿಗೂ ಡಾಕ್‌ಗೂ ಎಷ್ಟು ಜಾಗ ಉಳಿಯಿತು ಅಳೆಯಿರಿ. ಒಂದು ಗೇಣು ಉಳಿದರೆ ಸಾಕು ಅನಿಸಬಹುದು, ಸಾಲದು. ಜೋರು ಗಾಳಿಯಲ್ಲಿ 7 ಮೀಟರ್ ನೈಲಾನ್ ಹಗ್ಗ ಶೇಕಡ 10ರಷ್ಟು ಹಿಗ್ಗಿದರೆ ಅಲ್ಲಿಗೇ 70 ಸೆಂಟಿಮೀಟರ್ ಆಯಿತು. ಅಷ್ಟಾದರೂ ಜಾಗ ಇರಬೇಕು. ಇಲ್ಲದಿದ್ದರೆ ದೋಣಿಯನ್ನು ಸ್ವಲ್ಪ ಹಿಂದಕ್ಕೆ ತಂದು ಕಟ್ಟಿ.

ಸ್ಪ್ರಿಂಗ್ ಉದ್ದವಾಗಿದ್ದಷ್ಟೂ ಒಳ್ಳೆಯದು. ಸುಮಾರಾಗಿ ದೋಣಿಯಷ್ಟೇ ಉದ್ದದ ಹಗ್ಗ ಇಟ್ಟುಕೊಳ್ಳಿ. ಮೂಲೆಯ ಹಗ್ಗಗಳಿಗೆ ದೋಣಿಯ ಉದ್ದದ ಮೂರರಲ್ಲಿ ಎರಡು ಪಾಲು ಸಾಕು. ದೋಣಿಯ ನಡುವೆ ಕ್ಲೀಟ್ ಇಲ್ಲದಿದ್ದರೆ ಹಿಂದಕ್ಕೆ ಓಡುವ ಹಗ್ಗವನ್ನು ಮೂತಿಯ ಕ್ಲೀಟ್‌ಗೆ, ಮುಂದಕ್ಕೆ ಓಡುವುದನ್ನು ಹಿಂಬದಿಯ ಕ್ಲೀಟ್‌ಗೆ ಅಥವಾ ಹಾಯಿಯ ಹಗ್ಗ ಸುತ್ತಿ ಎಳೆಯುವ ದೊಡ್ಡ ವಿಂಚ್‌ಗೆ ಕಟ್ಟಬಹುದು. ದೋಣಿಯ ಅಂಚಿನ ಬೇಲಿಯ ಕಂಬಿಗಳಿಗೆ ಮಾತ್ರ ಬೇಡ. ಅವು ಮನುಷ್ಯ ಬೀಳದಂತೆ ಹಿಡಿಯಲು ಮಾಡಿದವು, ದೋಣಿಯ ಭಾರಕ್ಕೆ ಬಾಗುತ್ತವೆ.

ಉದ್ದ ಸರಿಹೋದ ಮೇಲೆ ಹಗ್ಗ ಕ್ಲೀಟ್‌ಗೆ ಸೇರುವ ಜಾಗದಲ್ಲಿ ಬಣ್ಣದ ದಾರ ಹೊಲಿದುಬಿಡಿ. ಪ್ರತಿ ಸಲ ವಾಪಸ್ ಬಂದು ಕಟ್ಟುವಾಗ ಅದೇ ಗುರುತಿಗೆ ಕಟ್ಟಿದರಾಯಿತು. ಕತ್ತಲಲ್ಲಿ ಬಂದರೂ ಬೆರಳಿಗೆ ಸಿಗುತ್ತದೆ.

## ದೋಣಿ ಧಡ್ ಧಡ್ ಎಂದು ಜಗ್ಗುತ್ತದೆ

ಒಳಗೆ ಕೂತಾಗ ಅಲೆ ಬಂದಾಗಲೆಲ್ಲ ಯಾರೋ ಹಗ್ಗ ಹಿಡಿದು ಜಗ್ಗಿದಂತಾಗುತ್ತದೆ, ಲೋಟದ ನೀರು ಚೆಲ್ಲುತ್ತದೆ. ಹಗ್ಗದಲ್ಲಿ ಹಿಗ್ಗುವ ಗುಣ ಸಾಲುತ್ತಿಲ್ಲ ಅಂತ ಇದರ ಅರ್ಥ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು.

ಮೊದಲನೆಯದು, ಹಗ್ಗ ಗಿಡ್ಡ ಅಥವಾ ತೀರಾ ಬಿಗಿ. ಗಿಡ್ಡ ಹಗ್ಗ ಹಿಗ್ಗಿದರೂ ಎಷ್ಟು ಹಿಗ್ಗೀತು? ಎದುರು ಬದಿಯ ಕ್ಲೀಟ್‌ಗೆ ಕಟ್ಟಿದರೆ ಅದೇ ಕೆಲಸಕ್ಕೆ ಉದ್ದ ಸಿಗುತ್ತದೆ. ಹಿಂಬದಿಯ ಎರಡು ಹಗ್ಗಗಳನ್ನು ಕತ್ತರಿಯಂತೆ ಅಡ್ಡಹಾಯಿಸುವುದು ಇದಕ್ಕೇ. ಎಡ ಮೂಲೆಯದು ಬಲ ಡಾಕ್‌ಗೆ, ಬಲ ಮೂಲೆಯದು ಎಡ ಡಾಕ್‌ಗೆ. ದುಡ್ಡು ಖರ್ಚಿಲ್ಲ, ಐದು ನಿಮಿಷದ ಕೆಲಸ.

ಎರಡನೆಯದು, ಹಗ್ಗದ ಜಾತಿ ತಪ್ಪು. ಹಾಯಿ ಎತ್ತಲು ಬಳಸಿ ಹಳತಾದ ಹಗ್ಗವನ್ನು ಡಾಕ್‌ಗೆ ಬಳಸುವವರು ಬಹಳ. ಅದು ಪಾಲಿಯೆಸ್ಟರ್ ಆಗಿರುತ್ತದೆ, ಹಿಗ್ಗಬಾರದು ಅಂತಲೇ ಮಾಡಿದ್ದು. ಡೈನೀಮಾ ಎಂಬ ನೂಲಿನ ಹಗ್ಗ ಇನ್ನೂ ಗಟ್ಟಿ, ಸ್ವಲ್ಪವೂ ಹಿಗ್ಗದು ಅನ್ನಬಹುದು. ಡಾಕ್‌ಗೆ ನೈಲಾನ್ ಬೇಕು. ಅದರಲ್ಲೂ ಹೆಣೆದ ಹಗ್ಗಕ್ಕಿಂತ ಹುರಿ ಮಾಡಿದ ಮೂರೆಳೆಯ ಹಗ್ಗ ಜಾಸ್ತಿ ಹಿಗ್ಗುತ್ತದೆ, ಅಗ್ಗ ಕೂಡ. ನೀರಿನಲ್ಲಿ ತೇಲುವ ಪಾಲಿಪ್ರೊಪಿಲೀನ್ ಹಗ್ಗ ಬಿಸಿಲಿಗೆ ಬೇಗ ಪುಡಿಪುಡಿಯಾಗುತ್ತದೆ, ಅದನ್ನು ನಂಬಿ ದೋಣಿ ಬಿಡಬೇಡಿ.

ಮೂರನೆಯದು, ಹಗ್ಗ ಅಗತ್ಯಕ್ಕಿಂತ ದಪ್ಪ. ದಪ್ಪ ಇದ್ದಷ್ಟೂ ಭದ್ರ ಅಂತ ನಮಗೆಲ್ಲ ಅನಿಸುತ್ತದೆ, ಅಲ್ವಾ? ಆದರೆ ದಪ್ಪ ಹಗ್ಗವನ್ನು ಹಿಗ್ಗಿಸುವಷ್ಟು ಭಾರ ಸಣ್ಣ ದೋಣಿಗೆ ಇರುವುದಿಲ್ಲ. ಆ ಜಗ್ಗು ಹಗ್ಗದಲ್ಲಿ ಕರಗದೆ ನೇರ ಕ್ಲೀಟ್‌ಗೆ ಹೋಗುತ್ತದೆ. ಸುಮಾರು 8 ಮೀಟರ್ ತನಕ 10 ಮಿಲಿಮೀಟರ್ ನೈಲಾನ್, ಅದಕ್ಕಿಂತ ದೊಡ್ಡದಾದರೆ 12 ಮಿಲಿಮೀಟರ್. ಇದು ರೂಢಿಯಲ್ಲಿರುವ ಲೆಕ್ಕ. ನೈಲಾನ್ ನೆನೆದಾಗ ಬಲದಲ್ಲಿ ಶೇಕಡ 10ರಿಂದ 15ರಷ್ಟು ಕಮ್ಮಿಯಾಗುತ್ತದೆ, ಆ ಲೆಕ್ಕದಲ್ಲಿ ಅದಕ್ಕೂ ಜಾಗ ಇದೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಜಗ್ಗುತ್ತಿದ್ದರೆ ಹಗ್ಗದ ಜಗ್ಗನ್ನು ಹೀರುವ ರಬ್ಬರ್ ಸ್ನಬ್ಬರ್ ಕೊಳ್ಳಿ. ಮೊದಲೇ ಕೊಂಡರೆ ನಿಜವಾದ ದೋಷ ಅದರ ಹಿಂದೆ ಅಡಗಿ ಕೂರುತ್ತದೆ.

## ಹಗ್ಗ ಒಂದೇ ಜಾಗದಲ್ಲಿ ನೂಲು ಬಿಟ್ಟಿದೆ

ಈ ಭಾಗವನ್ನು ನಿಧಾನಕ್ಕೆ ಓದಿ ಅಂತ ಕೇಳಿಕೊಳ್ಳುತ್ತೇನೆ. ಡಾಕ್ ಹಗ್ಗದ ದೊಡ್ಡ ವೈರಿ ಸವೆತ.

ಒಮ್ಮೆ ನನ್ನ ದೋಣಿಯ ಮೂತಿಯ ಹಗ್ಗಕ್ಕೆ ಪೈಪಿನ ತುಂಡು ತೊಡಿಸಿ, ಇನ್ನು ಚಿಂತೆಯಿಲ್ಲ ಅಂದುಕೊಂಡು ಮೂರು ವಾರ ಆ ಕಡೆ ಹೋಗಿರಲಿಲ್ಲ. ಬಂದು ಡಾಕ್ ಮೇಲೆ ನಿಂತು ನೋಡಿದರೆ ಹಗ್ಗ ಹೊಸದರಂತೆಯೇ ಇತ್ತು. ಪೈಪು ಮಾತ್ರ ಗೇಣುದ್ದ ಡಾಕ್ ಕಡೆಗೆ ಜಾರಿತ್ತು. ಹಗ್ಗ ಹೊರಗೆ ಹಾಯುವ ಲೋಹದ ಕಂಡಿ ಇದೆಯಲ್ಲ, ಫೇರ್‌ಲೀಡ್, ಅದರಿಂದ ಹಗ್ಗವನ್ನು ಎತ್ತಿ ಮಗುಚಿದೆ. ಕೆಳಬದಿಯಲ್ಲಿ ಮೂರು ಎಳೆಗಳಲ್ಲಿ ಎರಡು ಹತ್ತಿಯಂತೆ ಎದ್ದು ನಿಂತಿದ್ದವು. ಬೆರಳಲ್ಲಿ ಸವರಿದರೆ ಸಣ್ಣ ನೂಲು ಉದುರಿ ಅಂಗೈಗೆ ಅಂಟಿಕೊಂಡಿತು. ಮೂರನೆಯ ಎಳೆಯೊಂದೇ ದೋಣಿಯನ್ನು ಹಿಡಿದಿತ್ತು. ಅವತ್ತಿನಿಂದ ಹಗ್ಗವನ್ನು ಮೇಲಿಂದ ನೋಡಿ ಸರಿಯಿದೆ ಅನ್ನುವುದನ್ನು ಬಿಟ್ಟಿದ್ದೇನೆ. ಎತ್ತಿ, ಮಗುಚಿ, ಬೆರಳಾಡಿಸಿ ನೋಡುತ್ತೇನೆ.

ನೀವೂ ಹಾಗೆ ಮಾಡಿ. ಫೇರ್‌ಲೀಡ್ ಒಳಗೆ, ಡಾಕ್‌ನ ಅಂಚಿನಲ್ಲಿ, ಕ್ಲೀಟ್‌ನ ಬುಡದಲ್ಲಿ, ಎರಡು ಹಗ್ಗ ಒಂದರ ಮೇಲೊಂದು ಹಾಯುವಲ್ಲಿ ನೋಡಿ. ಮೂರೆಳೆಯ ಹಗ್ಗವಾದರೆ ಹುರಿ ಬಿಡಿಸಿ ಒಳಗೂ ನೋಡಿ. ಸಿಕ್ಕಿದ್ದನ್ನು ಓದುವುದು ಹೀಗೆ:

ಮೈಮೇಲೆಲ್ಲ ಸಮನಾಗಿ ತೆಳು ನೂಲು ಎದ್ದಿದ್ದರೆ ಅದು ವಯಸ್ಸು. ಗಾಬರಿ ಬೇಡ. ಆ ನೂಲಿನ ಪದರ ಒಳಗಿನದಕ್ಕೆ ಒಂದಿಷ್ಟು ರಕ್ಷಣೆಯೂ ಹೌದು.

ಒಂದೇ ಜಾಗದಲ್ಲಿ ಎದ್ದಿದ್ದರೆ ಅಲ್ಲಿ ಏನೋ ಉಜ್ಜುತ್ತಿದೆ. ಲೋಹದ ಮೇಲೆ ಬೆರಳಾಡಿಸಿ, ಚೂಪು ಅಂಚು ಇದ್ದರೆ ಅರದಿಂದ, ಮರಳು ಕಾಗದದಿಂದ ನುಣುಪು ಮಾಡಿ. ಹಗ್ಗವನ್ನು ಮಾತ್ರ ಬದಲಾಯಿಸಿ ಅಂಚನ್ನು ಹಾಗೇ ಬಿಟ್ಟರೆ ಹೊಸ ಹಗ್ಗಕ್ಕೂ ಅದೇ ಗತಿ.

ಯಾವುದಾದರೂ ಒಂದು ಎಳೆ ಮೂರನೇ ಒಂದು ಪಾಲು ಸವೆದಿದ್ದರೆ ಆ ಹಗ್ಗದ ಕೆಲಸ ಮುಗಿಯಿತು. ಹೆಣೆದ ಹಗ್ಗದಲ್ಲಿ ಮೇಲಿನ ಹೊದಿಕೆ ಕಿತ್ತು ಒಳಗಿನ ತಿರುಳು ಕಂಡರೂ ಅಷ್ಟೇ.

ಹಗ್ಗ ಒಂದು ಜಾಗದಲ್ಲಿ ಕೋಲಿನಂತೆ ಗಟ್ಟಿಯಾಗಿ, ಮಿರಿಮಿರಿ ಹೊಳೆಯುತ್ತಿದ್ದರೆ ಅದು ಕಾದು ಕರಗಿದ ಗುರುತು. ನೈಲಾನ್ ಮತ್ತೆ ಮತ್ತೆ ಹಿಗ್ಗಿ ಕುಗ್ಗುವಾಗ ಒಳಗಿನ ನೂಲುಗಳು ತಮ್ಮಲ್ಲೇ ಉಜ್ಜಿ ಬಿಸಿಯಾಗುತ್ತವೆ. ಬಿರುಗಾಳಿಯಲ್ಲಿ ಆ ಬಿಸಿ ನೂಲನ್ನೇ ಕರಗಿಸಬಹುದು. ಮಳೆ ನೀರು ತಾಗಿದರೆ ತಣ್ಣಗಾಗುತ್ತದೆ, ರಬ್ಬರ್ ಅಥವಾ ಪ್ಲಾಸ್ಟಿಕ್ ಪೈಪು ತೊಡಿಸಿದ್ದರೆ ನೀರು ಒಳಗೆ ಹೋಗದು. ಅದಕ್ಕೇ ಪೈಪಿಗಿಂತ ನೀರು ಬಿಡುವ ದಪ್ಪ ಪಾಲಿಯೆಸ್ಟರ್ ಬಟ್ಟೆಯ ತೋಳು ಮೇಲು. ತೊಗಲು, ದಪ್ಪ ಕ್ಯಾನ್ವಾಸ್ ಕೂಡ ನಡೆಯುತ್ತದೆ. ಏನೇ ತೊಡಿಸಿದರೂ ಎರಡೂ ತುದಿಯಲ್ಲಿ ಹಗ್ಗಕ್ಕೆ ಹೊಲಿದು ಭದ್ರ ಮಾಡಿ. ಜಾರುವ ತೋಳು ಯಾವುದನ್ನೂ ಕಾಪಾಡದು.

ವರ್ಷಕ್ಕೊಮ್ಮೆ ಹಗ್ಗದ ತುದಿ ಬದಲು ಮಾಡಿ, ಡಾಕ್ ಕಡೆಯದು ದೋಣಿಗೆ, ದೋಣಿ ಕಡೆಯದು ಡಾಕ್‌ಗೆ. ಉಜ್ಜುವ ಜಾಗ ಬದಲಾಗಿ ಬಾಳಿಕೆ ಹೆಚ್ಚುತ್ತದೆ. ಉಪ್ಪು ಹರಳುಗಟ್ಟಿ ಬಿರುಸಾಗಿದ್ದರೆ ಸಿಹಿನೀರಲ್ಲಿ ನೆನೆಸಿ ತೊಳೆಯಿರಿ.

## ಬೆಳಿಗ್ಗೆ ಸರಿಯಿತ್ತು, ಸಂಜೆಗೆ ದೋಣಿ ಹಗ್ಗದಲ್ಲಿ ನೇತಾಡುತ್ತಿದೆ

ತೇಲುವ ಡಾಕ್ ಆದರೆ ಈ ಭಾಗ ನಿಮಗಲ್ಲ, ಡಾಕ್ ದೋಣಿಯ ಜೊತೆಗೇ ಏರಿಳಿಯುತ್ತದೆ. ಸ್ಥಿರ ಡಾಕ್ ಇದ್ದಲ್ಲಿ ಉಬ್ಬರ ಇಳಿತವೇ ಕಾರಣ. ಬಹುತೇಕ ಕರಾವಳಿಗಳಲ್ಲಿ ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ ಸಾಕು. ಉಬ್ಬರದಲ್ಲಿ ಅಂದವಾಗಿ ಬಿಗಿದು ಕಟ್ಟಿದ ಹಗ್ಗ ಇಳಿತದಲ್ಲಿ ದೋಣಿಯನ್ನು ಒಂದು ಕಡೆಯಿಂದ ಎತ್ತಿ ಹಿಡಿಯುತ್ತದೆ. ಇಳಿತದಲ್ಲಿ ಬಿಗಿದದ್ದು ಉಬ್ಬರದಲ್ಲಿ ಜೋತು ಬಿದ್ದು ದೋಣಿ ಹೋದಲ್ಲೆಲ್ಲ ಹೋಗುತ್ತದೆ.

ಇಲ್ಲೂ ಉತ್ತರ ಉದ್ದದಲ್ಲೇ ಇದೆ. ಲೆಕ್ಕ ಮಾಡಿ ನೋಡಿ. ಉಬ್ಬರದಲ್ಲಿ ದೋಣಿಯ ಕ್ಲೀಟ್ ಡಾಕ್‌ನ ಕ್ಲೀಟ್ ಒಂದೇ ಎತ್ತರದಲ್ಲಿವೆ, ನೀರು 1.5 ಮೀಟರ್ ಇಳಿಯುತ್ತದೆ ಅಂದುಕೊಳ್ಳೋಣ. ಎರಡು ಕ್ಲೀಟ್‌ಗಳ ನಡುವೆ 1 ಮೀಟರ್ ಇದ್ದರೆ ಇಳಿತಕ್ಕೆ 80 ಸೆಂಟಿಮೀಟರ್ ಹೆಚ್ಚುವರಿ ಹಗ್ಗ ಬೇಕು. 3 ಮೀಟರ್ ಇದ್ದರೆ 35 ಸೆಂಟಿಮೀಟರ್ ಸಾಕು. 6 ಮೀಟರ್ ಇದ್ದರೆ ಬರೀ 18. ಅಂದರೆ ದೂರದ ಕ್ಲೀಟ್‌ಗೆ ಕಟ್ಟಿದ ಹಗ್ಗ ನೀರಿನ ಏರಿಳಿತವನ್ನು ಹೆಚ್ಚುಕಮ್ಮಿ ಗಮನಿಸುವುದೇ ಇಲ್ಲ. ದೋಣಿಯ ಪಕ್ಕದಲ್ಲೇ ಇರುವ ಕ್ಲೀಟ್‌ಗೆ ಕಟ್ಟಿದ ಗಿಡ್ಡ ಹಗ್ಗ ಇದ್ದರೆ ಮೊದಲು ಅದನ್ನು ತೆಗೆಯಿರಿ.

ಹಗ್ಗ ಸರಿಮಾಡಿದ ಮೇಲೆ ಒಂದು ಪೂರ್ತಿ ಇಳಿತವನ್ನು ಅಲ್ಲೇ ಇದ್ದು ನೋಡಿ. ಸಾಧ್ಯವಾದರೆ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನಲ್ಲಿ. ಆಗಲೇ ನೀರು ಅತಿ ಹೆಚ್ಚು ಏರಿ ಇಳಿಯುವುದು. ದೋಣಿಯ ತಳದ ಕೀಲ್ ಕೆಳಗೆ ಎಷ್ಟು ನೀರು ಉಳಿಯುತ್ತದೆ ಅನ್ನುವುದೂ ಅವತ್ತೇ ಗೊತ್ತಾಗುತ್ತದೆ.

ದೋಣಿ ಈಗಾಗಲೇ ನೇತಾಡುತ್ತಿದ್ದರೆ ಹುಷಾರು. ಅದರ ತೂಕವೆಲ್ಲ ಆ ಹಗ್ಗದ ಮೇಲಿದೆ, ಗಂಟು ಬಿಚ್ಚಲು ಬರುವುದಿಲ್ಲ. ಬೌಲೈನ್ ಗಂಟಂತೂ ಭಾರದಲ್ಲಿ ಬಿಚ್ಚದು. ಕ್ಲೀಟ್‌ನಲ್ಲಿ ಸುತ್ತಿದ್ದರೆ ಒಂದು ಸುತ್ತು ಉಳಿಸಿಕೊಂಡೇ ಇಂಚಿಂಚಾಗಿ ಸಡಿಲಿಸಿ. ಅದಾಗದಿದ್ದರೆ, ನೀರು ಏರುವ ಹೊತ್ತು ಹತ್ತಿರವಿದ್ದರೆ ಕಾಯಿರಿ. ಕ್ಲೀಟ್ ಬುಡದಲ್ಲಿ ಬಿರುಕಿನ ಸದ್ದು ಬಂದರೆ ಕಾಯಬೇಡಿ. ಎಲ್ಲರನ್ನೂ ಹಗ್ಗದ ನೇರದಿಂದ ದೂರ ಕಳಿಸಿ, ಮರೀನಾ ಸಿಬ್ಬಂದಿಯನ್ನು ಕರೆಯಿರಿ. ಕಡಿಯಲೇಬೇಕಾದರೆ ಬೇರೆ ಹಗ್ಗದಿಂದ ದೋಣಿಯನ್ನು ಹಿಡಿದಿಟ್ಟ ಮೇಲೆ, ಪಕ್ಕಕ್ಕೆ ನಿಂತು ಕಡಿಯಿರಿ.

## ಫೆಂಡರ್ ಮೇಲೆದ್ದು ಬಿದ್ದಿದೆ, ಬದಿ ಉಜ್ಜಿದೆ

ಫೆಂಡರ್ ಯಾವಾಗಲೂ ಚಪ್ಪಟೆಯಾಗಿ ಒತ್ತಿಕೊಂಡೇ ಇದೆಯಾ? ಹಾಗಾದರೆ ದೋಷ ಫೆಂಡರ್‌ನದಲ್ಲ. ಗಾಳಿ ಬರುವ ಕಡೆಯ ಹಗ್ಗಗಳು ಸಡಿಲ ಇವೆ, ದೋಣಿ ನಡುವೆ ನಿಲ್ಲುತ್ತಿಲ್ಲ. ಫೆಂಡರ್ ಅಕಸ್ಮಾತ್ ತಾಗಿದಾಗ ಕಾಯಲಿಕ್ಕೆ. ಇಡೀ ದಿನ ದೋಣಿ ಅದಕ್ಕೇ ಒರಗಿ ನಿಲ್ಲಬಾರದು.

ಹಗ್ಗ ಸರಿಯಿದ್ದರೆ ಫೆಂಡರನ್ನು ಎಲ್ಲಿ ಕಟ್ಟಿದ್ದೀರಿ ನೋಡಿ. ಬೇಲಿಯ ತಂತಿಗೆ ಕಟ್ಟಿದ್ದು ತೂಗಾಡಿ ಮೇಲೆ ಹಾರುತ್ತದೆ. ಕಂಬಿಯ ಬುಡಕ್ಕೆ ಅಥವಾ ಅಂಚಿನ ಪಟ್ಟಿಗೆ ಕಟ್ಟಿ. ಪಕ್ಕದಲ್ಲಿ ನೆಟ್ಟ ಕಂಬ ಇದ್ದರೆ ಒಂಟಿ ಫೆಂಡರ್ ಉರುಳಿ ಆಚೀಚೆ ಹೋಗುತ್ತದೆ. ಎರಡು ಫೆಂಡರ್ ಇಳಿಬಿಟ್ಟು ಅವುಗಳ ಹೊರಗೆ ಒಂದು ಹಲಗೆ ಅಡ್ಡ ತೂಗುಹಾಕಿ, ಕಂಬ ಹಲಗೆಯ ಮೇಲೆ ಉಜ್ಜಿಕೊಳ್ಳಲಿ. ಗಾತ್ರಕ್ಕೆ, ದೋಣಿಯ ಪ್ರತಿ ಒಂದೂವರೆ ಮೀಟರ್ ಉದ್ದಕ್ಕೆ 25 ಮಿಲಿಮೀಟರ್ ವ್ಯಾಸ ಕನಿಷ್ಠ. 7.5 ಮೀಟರ್ ದೋಣಿಗೆ 12.5 ಸೆಂಟಿಮೀಟರ್ ಆಯಿತು. ಒಂದು ಅಳತೆ ದೊಡ್ಡದು ಕೊಂಡರೆ ನಷ್ಟವಿಲ್ಲ.

ಫೆಂಡರ್ ಹಿಂದೆ ಮರಳು, ಧೂಳು ಸೇರಿ ಮರಳು ಕಾಗದದಂತೆ ಬಣ್ಣ ಉಜ್ಜುತ್ತದೆ. ಆಗಾಗ ತೊಳೆಯಿರಿ.

## ಕ್ಲೀಟ್ ಅಲುಗಾಡುತ್ತದೆ, ಇಲ್ಲವೇ ಹಗ್ಗ ಕ್ಲೀಟ್‌ನಿಂದ ಕಳಚಿದೆ

ಕಳಚಿದ್ದರೆ ಮೊದಲು ಸುತ್ತಿದ ರೀತಿ ನೋಡಿ. ಹಗ್ಗ ಬರುವ ದಿಕ್ಕಿನಿಂದ ದೂರ ಇರುವ ಕೊಂಬಿನ ಕೆಳಗೆ ಮೊದಲು ಹೋಗಬೇಕು, ಬುಡಕ್ಕೆ ಒಂದು ಪೂರ್ತಿ ಸುತ್ತು, ಆಮೇಲೆ ಎಂಟರ ಆಕಾರದಲ್ಲಿ ಒಂದೆರಡು ಸಲ, ಕೊನೆಯಲ್ಲಿ ಒಂದು ಮಗುಚಿದ ಕುಣಿಕೆ. ಬುಡದ ಸುತ್ತು ಇಲ್ಲದೆ ಎಂಟುಗಳನ್ನೇ ಹೇರಿದರೆ ಭಾರ ಬಂದಾಗ ಜಾರುತ್ತದೆ ಅಥವಾ ಕಚ್ಚಿಕೊಳ್ಳುತ್ತದೆ. ಹಗ್ಗಕ್ಕೆ ಕ್ಲೀಟ್ ಚಿಕ್ಕದಾದರೂ ಹೀಗಾಗುತ್ತದೆ. 10 ಮಿಲಿಮೀಟರ್ ಹಗ್ಗಕ್ಕೆ ಸುಮಾರು 15 ಸೆಂಟಿಮೀಟರ್ ಉದ್ದದ ಕ್ಲೀಟ್, 12 ಮಿಲಿಮೀಟರ್‌ಗೆ 20 ಸೆಂಟಿಮೀಟರ್ ಬೇಕು. ಕುಣಿಕೆಯ ತುದಿಯನ್ನು ಡಾಕ್‌ಗೆ ಹಾಕಿ, ಉದ್ದ ಹೊಂದಿಸುವ ತುದಿಯನ್ನು ದೋಣಿಯಲ್ಲಿ ಇಟ್ಟುಕೊಳ್ಳಿ. ಮಳೆಗಾಳಿಯಲ್ಲಿ ಡಾಕ್‌ಗೆ ಇಳಿಯದೆಯೇ ಸಡಿಲಿಸಬಹುದು.

ಕ್ಲೀಟ್ ಅಲುಗಾಡುತ್ತಿದ್ದರೆ ಕೈಯಲ್ಲಿ ಹಿಡಿದು ತಿರುಚಿ ನೋಡಿ. ಸ್ವಲ್ಪ ಆಡಿದರೂ ಕೆಳಗಿಂದ ನಟ್ಟು ಬಿಗಿಯಿರಿ. ಬಿಗಿದು ವಾರದಲ್ಲೇ ಮತ್ತೆ ಸಡಿಲವಾದರೆ ಡೆಕ್ ಒಳಗಿನ ಮರ ನೀರು ಕುಡಿದು ಮೆತ್ತಗಾಗಿರಬಹುದು. ಸ್ಕ್ರೂಡ್ರೈವರ್ ಹಿಡಿಯಿಂದ ಸುತ್ತ ತಟ್ಟಿ. ಗಟ್ಟಿ ಜಾಗ ಟಕ್ ಟಕ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಧಬ್ ಅನ್ನುತ್ತದೆ. ಒಳಗಡೆ ಬೋಲ್ಟ್ ಸುತ್ತ ಕಂದು ಕಲೆ, ನೀರಿನ ಗೆರೆ ಇದ್ದರೂ ಅದೇ ಅರ್ಥ. ಕೆಳಗೆ ಬರೀ ಸಣ್ಣ ವಾಷರ್ ಇದ್ದರೆ ಅಗಲದ ಲೋಹದ ತಟ್ಟೆ ಹಾಕಿಸಿ. ಡೆಕ್ ಮೆತ್ತಗಾಗಿದ್ದರೆ ಅದು ದುರಸ್ತಿ ಗೊತ್ತಿದ್ದವರ ಕೆಲಸ, ಅಲ್ಲಿಯವರೆಗೆ ಆ ಕ್ಲೀಟ್‌ಗೆ ಕಟ್ಟಬೇಡಿ. ಡಾಕ್‌ನ ಕ್ಲೀಟ್ ಆಡುತ್ತಿದ್ದರೆ ನೀವೇ ಬಿಗಿಯಲು ಹೋಗದೆ ಮರೀನಾ ಕಚೇರಿಗೆ ಬರೆದು ತಿಳಿಸಿ, ಬೇರೆ ಕ್ಲೀಟ್ ಬಳಸಿ.

## ರಾತ್ರಿಯೆಲ್ಲ ಟಣ್ ಟಣ್ ಸದ್ದು

ಹಾಯಿ ಎತ್ತುವ ಹಗ್ಗ ಕೂವೆಮರಕ್ಕೆ ಬಡಿಯುತ್ತಿದೆ. ಎಲಾಸ್ಟಿಕ್ ದಾರದಿಂದ ಅದನ್ನು ಪಕ್ಕದ ತಂತಿಯ ಕಡೆಗೆ ಎಳೆದು ಕಟ್ಟಿ. ಸುತ್ತಲಿನವರ ನಿದ್ದೆಯೂ ಉಳಿಯುತ್ತದೆ, ಕೂವೆಮರದ ಬಣ್ಣವೂ ಉಳಿಯುತ್ತದೆ.

ಮೇಲಿಂದ ಲೋಹಕ್ಕೆ ಲೋಹ ತಾಗುವ ಸದ್ದು ಬಂದರೆ ತಲೆ ಎತ್ತಿ ನೋಡಿ. ಎರಡು ದೋಣಿ ಒಟ್ಟೊಟ್ಟಿಗೆ ಹೊರಳುವಾಗ ಕೂವೆಮರದ ಅಡ್ಡತೋಳುಗಳು ಒಂದಕ್ಕೊಂದು ಸಿಕ್ಕಿಕೊಂಡರೆ ಕಂಬವೇ ಮುರಿಯಬಹುದು. ಒಂದು ದೋಣಿಯನ್ನು ಒಂದು ಮೀಟರ್ ಹಿಂದೆ ಅಥವಾ ಮುಂದೆ ಸರಿಸಿ, ಎರಡೂ ಕೂವೆಮರ ಒಂದೇ ನೇರಕ್ಕೆ ಬರದಂತೆ ಮಾಡಿ. ಪಕ್ಕದವರ ಜೊತೆ ಮಾತಾಡಿಯೇ ಮಾಡಿ.

## ದೋಣಿ ತಗ್ಗಿದಂತಿದೆ, ಒಂದು ಕಡೆ ವಾಲಿದೆ

ಹಗ್ಗದ ಯೋಚನೆ ಬಿಟ್ಟುಬಿಡಿ, ಒಳಗೆ ನೀರು ಬಂದಿದೆಯಾ ನೋಡಿ. ನೀರಿನಿಂದ ಅರ್ಧ ಮೀಟರ್ ಕೆಳಗೆ 25 ಮಿಲಿಮೀಟರ್ ತೂತು ಇದ್ದರೆ ನಿಮಿಷಕ್ಕೆ ಸುಮಾರು 50 ಲೀಟರ್ ಒಳಗೆ ಬರುತ್ತದೆ. ನಿಂತು ಯೋಚಿಸಲು ಸಮಯ ಇರುವುದಿಲ್ಲ.

ಮೊದಲು ಸೀಕಾಕ್‌ಗಳನ್ನೆಲ್ಲ (ದೋಣಿಯ ಮೈಯಲ್ಲಿರುವ ನೀರಿನ ತೂತುಗಳ ಕವಾಟ) ಮುಚ್ಚಿ. ಕೂತು ದೋಣಿ ನಡೆಸುವ ಜಾಗ, ಅಂದರೆ ಕಾಕ್‌ಪಿಟ್‌ನ ನೀರು ಹೊರಗೆ ಹೋಗುವ ದಾರಿಯದ್ದಾದರೆ ಮಳೆ ನಿಂತಿದೆಯಾ ನೋಡಿಕೊಂಡು. ಕಾಕ್‌ಪಿಟ್ ತೂತಿಗೆ ಎಲೆ ಕಟ್ಟಿಕೊಂಡು ಮಳೆ ನೀರು ಒಳಗೆ ಇಳಿದಿರುವುದೇ ಹೆಚ್ಚು. ಒಂದು ಹನಿ ನಾಲಿಗೆಗೆ ತಾಗಿಸಿದರೆ ಉಪ್ಪೋ ಸಿಹಿಯೋ ತಿಳಿಯುತ್ತದೆ, ಆದರೆ ಎಣ್ಣೆ, ಡೀಸೆಲ್ ತೇಲುತ್ತಿದ್ದರೆ ಬೇಡ. ಪ್ರೊಪೆಲರ್ ದಂಡ ಹೊರಗೆ ಹೋಗುವಲ್ಲಿ ದಂಡ ನಿಂತಿದ್ದರೂ ಬಿಡದೆ ತೊಟ್ಟಿಕ್ಕುತ್ತಿದ್ದರೆ ಅಲ್ಲಿ ನೀರು ತಡೆಯುವ ಗ್ಲ್ಯಾಂಡ್ ಬಿಗಿಯುವ ಕೆಲಸವಿದೆ. ತಳದ ನೀರು ಹೊರಹಾಕುವ ಬಿಲ್ಜ್ ಪಂಪ್ ಓಡುತ್ತಿದ್ದೂ ನೀರು ಏರುತ್ತಿದ್ದರೆ ಒಬ್ಬರೇ ಹೋರಾಡಬೇಡಿ, ತಕ್ಷಣ ಸಿಬ್ಬಂದಿಯನ್ನು ಕರೆಯಿರಿ, ನೀವು ಹೊರಗೆ ಬನ್ನಿ.

## ಕರೆಂಟ್ ಕೇಬಲ್ ಬಿಗಿದಿದೆ, ಲೋಹ ಮುಟ್ಟಿದರೆ ಜುಮ್ ಅನ್ನುತ್ತದೆ

ಕೇಬಲ್ ಯಾವ ಹಗ್ಗಕ್ಕಿಂತಲೂ ಮೊದಲು ಬಿಗಿಯಾಗಬಾರದು. ಬಿಗಿಯಾಗಿದ್ದರೆ ಹಗ್ಗ ಸರಿಮಾಡಿ, ಕೇಬಲ್‌ಗೆ ಉದ್ದ ಬಿಡಿ, ಆದರೆ ನೀರಿಗೆ ಇಳಿಯದಿರಲಿ. ಪ್ಲಗ್‌ನ ಪಿನ್ನು ಕಂದಿದ್ದರೆ, ಕರಗಿದ್ದರೆ ಆ ಕೇಬಲ್ ಮತ್ತೆ ಹಾಕಬೇಡಿ. ಜುಮ್ ಅನಿಸಿದರೆ ಡಾಕ್‌ನ ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ತೆಗೆದು, ಎಲೆಕ್ಟ್ರಿಷಿಯನ್ ನೋಡುವ ತನಕ ಹಾಕದಿರಿ. ಹೊಸ ಸತುವಿನ ಆನೋಡ್ (ದೋಣಿಯ ಬೇರೆ ಲೋಹ ಉಳಿಯಲೆಂದು ತಾನು ಸವೆಯುವ ತುಂಡು) ತಿಂಗಳುಗಳಲ್ಲೇ ಕರಗಿಹೋಗುತ್ತಿದ್ದರೂ ಕರೆಂಟ್ ಸೋರುವ ಅನುಮಾನ ಇಟ್ಟುಕೊಳ್ಳಿ.

ಕರೆಂಟ್ ಇರುವ ಮರೀನಾದಲ್ಲಿ ಯಾವ ಕಾರಣಕ್ಕೂ ನೀರಿಗೆ ಇಳಿಯಬೇಡಿ. ಬಿದ್ದ ಫೆಂಡರ್ ತರಲಿಕ್ಕೂ ಬೇಡ, ಮಕ್ಕಳನ್ನೂ ಬಿಡಬೇಡಿ. ಸೋರಿದ ಕರೆಂಟ್ ನೀರಿನಲ್ಲಿರುವವರ ಸ್ನಾಯುಗಳನ್ನು ಹಿಡಿದುಬಿಡುತ್ತದೆ, ಈಜು ಬಂದರೂ ಮುಳುಗುತ್ತಾರೆ. ಸಿಹಿನೀರಿನಲ್ಲಿ ಅಪಾಯ ಇನ್ನೂ ಜಾಸ್ತಿ. ಯಾರಾದರೂ ನೀರಿನಲ್ಲಿ ಒದ್ದಾಡುತ್ತಿದ್ದರೆ ಹಿಂದೆ ಧುಮುಕಬೇಡಿ. ಕರೆಂಟ್ ಆರಿಸಿ, ತೇಲುವ ರಿಂಗ್ ಎಸೆಯಿರಿ, ಸಹಾಯಕ್ಕೆ ಕೂಗಿ.

## ಬಿರುಗಾಳಿಯ ಸೂಚನೆ ಬಂದಿದೆ

ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. 10 ನಾಟ್ ಗಾಳಿಗೆ ಹೋಲಿಸಿದರೆ 40 ನಾಟ್‌ನಲ್ಲಿ ಹದಿನಾರು ಪಟ್ಟು. ಹಾಗಾಗಿ ಇವತ್ತು ಸಣ್ಣದಾಗಿ ಕಾಣುವ ಯಾವ ಲಕ್ಷಣವನ್ನೂ ಅವತ್ತಿಗೆ ಉಳಿಸಿಕೊಳ್ಳಬೇಡಿ.

ಮೊದಲು ಗಾಳಿ ಹಿಡಿಯುವುದನ್ನು ಕಮ್ಮಿ ಮಾಡಿ. ಸುರುಳಿ ಸುತ್ತಿದ ಮುಂದಿನ ಹಾಯಿಯನ್ನು ಪೂರ್ತಿ ಇಳಿಸಿ ಒಳಗಿಡಿ. ಸುತ್ತಿಟ್ಟರೆ ಸಾಲದು, ಒಂದು ಮೂಲೆ ಬಿಚ್ಚಿಕೊಂಡರೂ ಗಾಳಿ ಇಡೀ ಹಾಯಿಯನ್ನು ಎಳೆದು ಹರಿದು ಹಾಕುತ್ತದೆ. ಆಮೇಲೆ ಬಿಸಿಲಿನ ಬಟ್ಟೆ, ಕವರ್, ಡೆಕ್ ಮೇಲಿನ ಸಾಮಾನು ತೆಗೆಯಿರಿ. ಎರಡನೇ ಜೊತೆ ಹಗ್ಗ ಕಟ್ಟಿ, ಸಾಧ್ಯವಾದರೆ ಬೇರೆ ಕ್ಲೀಟ್‌ಗಳಿಗೆ. ಅದೇ ಕ್ಲೀಟ್ ಆದರೆ ಹೊಸ ಕುಣಿಕೆಯನ್ನು ಹಳೆಯದರ ಒಳಗಿಂದ ಮೇಲೆ ತಂದು ಹಾಕಿ, ಆಗ ಯಾವುದನ್ನು ಬೇಕಾದರೂ ಮೊದಲು ತೆಗೆಯಬಹುದು. ಎರಡನೇ ಜೊತೆಯನ್ನು ಮೊದಲನೆಯದಕ್ಕಿಂತ ಸ್ವಲ್ಪ ಸಡಿಲ ಬಿಡಿ. ಸವೆತದ ತೋಳುಗಳನ್ನು ಮತ್ತೊಮ್ಮೆ ನೋಡಿ. ಕರೆಂಟ್ ಕೇಬಲ್ ಬಿಚ್ಚಿ ಸುತ್ತಿಡಿ, ಬ್ಯಾಟರಿ ಪೂರ್ತಿ ತುಂಬಿರಲಿ, ಬಿಲ್ಜ್ ಪಂಪ್ ಅದರಲ್ಲೇ ಓಡಬೇಕು.

ಇಷ್ಟು ಮಾಡಿ ಮನೆಗೆ ಹೋಗಿ. ಗಾಳಿ ಜೋರಾದ ಮೇಲೆ ಹಗ್ಗ ಸರಿಮಾಡಲು ಡಾಕ್‌ಗೆ ಬರಬೇಡಿ, ದೋಣಿಯಲ್ಲೂ ಮಲಗಬೇಡಿ. ಗಾಳಿ ನಿಂತು, ಮರೀನಾದವರು ಡಾಕ್‌ಗಳು ಸರಿಯಿವೆ ಅಂದ ಮೇಲೆ ಬಂದು ಮೊದಲು ಒಳಗಿನ ನೀರು, ಆಮೇಲೆ ಕ್ಲೀಟ್‌ನ ಬುಡ, ಆಮೇಲೆ ಪ್ರತಿ ಹಗ್ಗದ ಕೆಳಬದಿ ನೋಡಿ. ನಿಮ್ಮದು ಮುಗಿದ ಮೇಲೆ ಅಕ್ಕಪಕ್ಕದ ಎರಡು ದೋಣಿಗಳ ಹಗ್ಗಗಳನ್ನೂ ನೋಡಿ. ಎಲ್ಲಾದರೂ ಎಳೆ ಹೋಗಿದ್ದರೆ ನಿಮ್ಮ ಹತ್ತಿರ ಇರುವ ಹೆಚ್ಚುವರಿ ಹಗ್ಗ ಒಂದು ಕಟ್ಟಿ, ದೋಣಿಯವರಿಗೆ ಫೋನ್ ಮಾಡಿ ಹೇಳಿ.